ಕಲ್ಲಿದ್ದಲು ಬಿಟ್ಟು ಸೋಲಾರ್‌ಗೆ ಹೋದರೆ ತೊಂದರೆಯೇ ಇಲ್ವಾ?

ಪ್ರಶ್ನೆ:
ನಮ್ಮ ಮನೆ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಹತ್ತಿರ. ಬೆಳಿಗ್ಗೆ ತುಳಸಿ ಎಲೆ ಮುಟ್ಟಿದರೆ ಬೆರಳಿಗೆ ಬೂದಿ ಹತ್ತುತ್ತದೆ. ಒಣಹಾಕಿದ ಬಿಳಿ ಪಂಚೆ ಸಂಜೆಯೊಳಗೆ ಮಾಸಿರುತ್ತದೆ. ಮಗಳ ಕೆಮ್ಮು ಬಿಡುತ್ತಿಲ್ಲ. ಸೋಲಾರ್ ಬಂದರೆ ಇದೆಲ್ಲ ನಿಲ್ಲುತ್ತದೆ ಅಂತಾರೆ. ನಿಜಾನಾ?

ಉತ್ತರ, ಪಾವಗಡದಿಂದ:
ಹೊಗೆ, ಬೂದಿ ಖಂಡಿತ ಇಲ್ಲ. ಆದರೆ ಜಾಗ ಜಾಸ್ತಿ ಬೇಕು. ತಿರುಮಣಿ ಸುತ್ತಿನ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಸುಮಾರು 13,000 ಎಕರೆ. ಜಮೀನು ಕೊಂಡಿಲ್ಲ, ಗುತ್ತಿಗೆಗೆ ಪಡೆದದ್ದು. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಕೈಕೊಡುವ ಊರಿಗೆ ಅದು ದೊಡ್ಡ ಆಸರೆ. ಆದರೆ ಜಮೀನಿಲ್ಲದ ಕೂಲಿಯವರಿಗೆ ಆ ಬಾಡಿಗೆ ಬರುವುದಿಲ್ಲ, ಹೊಲದ ಕೆಲಸವೂ ಕಡಿಮೆಯಾಯಿತು. ಅವರನ್ನು ಮರೆಯಬಾರದು ಅಲ್ವಾ?

ಇನ್ನೊಂದು ಉತ್ತರ:
ಕಲ್ಲಿದ್ದಲಿನ ಒಂದು ಯೂನಿಟ್ ಕರೆಂಟಿಗೆ ಹೆಚ್ಚುಕಡಿಮೆ 1 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿ ಸೇರುತ್ತದೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯೂ ಜಾಸ್ತಿ. ಸೋಲಾರ್‌ಗೆ ಕಷ್ಟ ರಾತ್ರಿ ಹೊತ್ತು. ಆಗ ಶರಾವತಿಯ ನೀರು, ಚಿತ್ರದುರ್ಗದ ಗಾಳಿ ಕೈಹಿಡಿಯಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದ. ಮನೆ ತಾರಸಿ ಮೇಲೆ ಹಾಕಿಸಿದರೆ ಯಾರ ಹೊಲವೂ ಬೇಕಿಲ್ಲ. ಆದರೆ ಪ್ಯಾನೆಲ್ ಮೇಲೂ ಇದೇ ಬೂದಿ ಕೂರುತ್ತದಲ್ಲ?

ಪಾವಗಡದಿಂದ:
ಕೂತರೆ ಕರೆಂಟ್ ಕಡಿಮೆ ಬರುತ್ತದೆ. ಬಿಸಿಲೇರುವ ಮುಂಚೆ ನೀರು ಹಾಕಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ.