ಪುಟ್ಟಾ, ಬೆಂಚಿನ ವಿಷಯ: ಮರ ಮಣ್ಣಿಗೆ ತಾಗಬಾರದು

ಪುಟ್ಟಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ಸಾಗರದ ಮನೆಯ ಹಳೇ ಕೊಟ್ಟಿಗೆ ಬಿಚ್ಚಿದ ಮೇಲೆ ಮತ್ತಿ ಮರದ ಎರಡು ತೊಲೆ ಉಳಿದಿವೆ, ಹತ್ತು ಹತ್ತು ಅಡಿ ಉದ್ದ, 7 ಇಂಚು ಅಗಲ, 5 ಇಂಚು ದಪ್ಪ. ಅದರಲ್ಲಿ ಅಜ್ಜಿಗೆ ಅಂಗಳದ ಹಲಸಿನ ಮರದಡಿ ಒಂದು ಬೆಂಚು ಮಾಡಬೇಕು, ಕಾಲುಗಳನ್ನು ಗುಂಡಿ ತೋಡಿ ಕಾಂಕ್ರೀಟಿನಲ್ಲಿ ಹೂಳಿದರೆ ಗಟ್ಟಿ ಅಲ್ವಾ ಮಾವ, ಅಂತ ಕೇಳಿದ್ದೀಯ. ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೇ ಮಾತಾಡಿಯೇ ಹೇಳುತ್ತೇನೆ.

ಮೊದಲು ಅದನ್ನೇ ಹೇಳಿಬಿಡುತ್ತೇನೆ. ಹೂಳಬೇಡ. ಇಲ್ಲಿ ತೀರ್ಥಹಳ್ಳಿಯಲ್ಲಿ ನಾನು ಮಾಡಿದ ಮೊದಲ ಬೆಂಚಿಗೆ ನಾಲ್ಕು ಕಾಲನ್ನೂ ಕಾಂಕ್ರೀಟಿನಲ್ಲಿ ಕೂರಿಸಿದ್ದೆ. ಆನೆ ಬಂದರೂ ಅಲ್ಲಾಡುವುದಿಲ್ಲ ಅನ್ನಿಸಿತ್ತು. ಮೂರು ಮಳೆಗಾಲ ಆಯಿತು. ನಾಲ್ಕನೇ ವರ್ಷ ನಿನ್ನ ಅತ್ತೆ ಕೂತಾಗ ಒಂದು ಕಾಲು ನೆಲದ ಮಟ್ಟದಲ್ಲೇ ಮುರಿಯಿತು. ನೋಡಿದರೆ ಮೇಲೂ ಚೆನ್ನಾಗಿದೆ, ಕೆಳಗೆ ಹೂತದ್ದೂ ಪರವಾಗಿಲ್ಲ. ಮಣ್ಣು ಗಾಳಿ ಸೇರುವ ಆ ಎರಡು ಇಂಚು ಮಾತ್ರ ಬೆರಳಲ್ಲಿ ಒತ್ತಿದರೆ ಪುಡಿ. ಕಾಂಕ್ರೀಟು ಮರದ ಸುತ್ತ ಬಟ್ಟಲಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಮರ ಕೊಳೆಯುವುದಕ್ಕೆ ನೀರೂ ಬೇಕು, ಗಾಳಿಯೂ ಬೇಕು. ಎರಡೂ ಸಿಗುವುದು ಅಲ್ಲೇ. ಅತ್ತೆಗೆ ಪೆಟ್ಟಾಗಲಿಲ್ಲ, ಆದರೆ ಅಜ್ಜಿಯ ವಯಸ್ಸಿನಲ್ಲಿ ಹಾಗೆ ಆಗುವುದೇ ಬೇಡ.

ನೀನು ಬಿಚ್ಚಿದ ಕೊಟ್ಟಿಗೆಯನ್ನೇ ನೆನಪು ಮಾಡಿಕೋ. ಕಂಬಗಳ ಬುಡ ಮಣ್ಣಿನಲ್ಲಿ ಇರಲಿಲ್ಲ, ಒಂದೊಂದರ ಕೆಳಗೂ ಕಲ್ಲು ಇತ್ತು. ನಮ್ಮ ಕಡೆಯ ಹಳೇ ಮನೆಗಳಲ್ಲೆಲ್ಲ ಹಾಗೆಯೇ. ನಾಲ್ಕು ತಿಂಗಳು ಬಿಡದೆ ಸುರಿಯುವ ಊರಿನಲ್ಲಿ ಆ ಮರ ನಿನ್ನ ಕೈಗೆ ಗಟ್ಟಿಯಾಗಿ ಸಿಕ್ಕಿದ್ದು ಆ ಕಲ್ಲಿನಿಂದ, ಮೇಲಿನ ಮಾಡಿನಿಂದ, ಅಂದರೆ ಛಾವಣಿಯಿಂದ. ಬೆಂಚಿಗೆ ಮಾಡು ಇರುವುದಿಲ್ಲ. ಕಲ್ಲನ್ನಾದರೂ ಕೊಡು. ಆ ಕಲ್ಲುಗಳನ್ನು ಯಾರಿಗೂ ಕೊಟ್ಟುಬಿಡಬೇಡ.

ಕೆಲಸ ಶುರು ಮಾಡುವ ಮುಂಚೆ ತೊಲೆ ಪರೀಕ್ಷೆ ಮಾಡು. ಸುತ್ತಿಗೆಯ ಹಿಂಬದಿಯಿಂದ ಉದ್ದಕ್ಕೂ ತಟ್ಟುತ್ತಾ ಹೋಗು. ಗಟ್ಟಿ ಮರ ಠಣ್ ಅನ್ನುತ್ತದೆ. ಬೊದ್ದು ಸದ್ದು ಬಂದ ಕಡೆ ಸ್ಕ್ರೂಡ್ರೈವರಿನಲ್ಲಿ ಚುಚ್ಚು. ಒಳಗೆ ಹೋದರೆ ಗೆದ್ದಲು ತಿಂದಿದೆ, ಇಲ್ಲವೇ ಕೊಳೆತಿದೆ ಅಂತಲೇ ಲೆಕ್ಕ. ಅಂಚಿನಲ್ಲಿ ತೆಳು ಬಣ್ಣದ ಬಿಳಿ ಮರ ಇದ್ದರೆ ಕೆತ್ತಿ ತೆಗೆ, ಹುಳ ಮೊದಲು ಹಿಡಿಯುವುದು ಅದನ್ನೇ. ಒಳಗಿನ ಚೇಗು, ಅಂದರೆ ನಡುವಿನ ಗಟ್ಟಿ ಮರ ಮಾತ್ರ ಉಳಿಸು. ಇನ್ನೊಂದು, ಹಳೇ ಮೊಳೆ. ಕಣ್ಣಿಗೆ ಕಾಣದ ತುಂಡುಗಳೇ ಜಾಸ್ತಿ. ಅಯಸ್ಕಾಂತ ಆಡಿಸಿ ಒಂದೊಂದನ್ನೂ ಕಿತ್ತ ಮೇಲೆಯೇ ಮಿಲ್ಲಿಗೆ ಒಯ್ಯಿ. ಇಲ್ಲದಿದ್ದರೆ ಅವರ ಗರಗಸ ಹಾಳಾಗುತ್ತದೆ, ತುಂಡು ಹಾರಿ ಕಣ್ಣಿಗೂ ಬಡಿಯಬಹುದು.

ಈಗ ಅಳತೆ. ಒಂದೊಂದು ತೊಲೆಯಿಂದ ಆರು ಅಡಿಯ ಒಂದು ತುಂಡು, 15 ಇಂಚಿನ ಒಂದು ತುಂಡು. ಉದ್ದದ್ದು ಕೂರುವುದಕ್ಕೆ, ಗಿಡ್ಡದ್ದು ಅದರ ಕೆಳಗೆ ಅಡ್ಡಕ್ಕೆ. ಕೂರುವ ಎರಡು ತುಂಡುಗಳ ನಡುವೆ ಅರ್ಧ ಇಂಚು ಸಂದು ಬಿಡಲೇಬೇಕು. ಇಷ್ಟು ವರ್ಷ ಮಾಡಿನ ಕೆಳಗೆ ಒಣಗಿದ ಮರ ಮಳೆಗೆ ಬಿದ್ದರೆ ಅಗಲಕ್ಕೆ ಉಬ್ಬುತ್ತದೆ. ಉದ್ದಕ್ಕೆ ಏನೂ ಆಗುವುದಿಲ್ಲ. ಆ ಸಂದಿನಲ್ಲಿ ನೀರೂ ಇಳಿಯುತ್ತದೆ. ಮತ್ತಿ ಒಣಗುವಾಗ ಸೀಳು ಬಿಡುವ ಮರ, ನಿನ್ನ ತೊಲೆಯಲ್ಲೂ ಸೀಳು ಇದ್ದೇ ಇರುತ್ತದೆ. ಹೆದರಬೇಡ, ಸೀಳಿರುವ ಮುಖವನ್ನು ಕೆಳಗೆ ಮಾಡು. ಮೇಲಿದ್ದರೆ ಅದು ನೀರಿನ ತೊಟ್ಟಿ.

ಅಡ್ಡ ತುಂಡು ಕೂರುವ ಜಾಗದಲ್ಲಿ ಮೇಲಿನ ತೊಲೆಗೆ ಒಂದಿಂಚು ಆಳದ ಕಚ್ಚು ತೆಗೆ, ಎರಡೂ ತುದಿಯಿಂದ ಒಂದೊಂದು ಅಡಿ ಒಳಗೆ. ಗರಗಸದಲ್ಲಿ ಐದಾರು ಗೆರೆ ಕೊಯ್ದು ಉಳಿಯಲ್ಲಿ ಎಬ್ಬಿಸಿದರೆ ಆಯಿತು. ಬಿಗಿಯಾಗಿ ಕೂರಲಿ, ಆದರೆ ಕೊಡತಿಯಲ್ಲಿ ಬಡಿದು ಸೇರಿಸುವಷ್ಟು ಬಿಗಿ ಬೇಡ. ಸ್ಕ್ರೂ ಎಲ್ಲಾ ಕೆಳಗಿನಿಂದ. ಮೇಲೆ ಒಂದೂ ತೂತು ಇರಬಾರದು. ಸ್ಪ್ಯಾನರ್ ಹಾಕಿ ತಿರುಗಿಸುವ ಆರು ಮೂಲೆ ತಲೆಯ ಸ್ಟೇನ್‌ಲೆಸ್ ಸ್ಕ್ರೂ ತಾ, 6 ಇಂಚಿನದು, ಎಂಟು ಸಾಕು. ತಲೆ ಎರಡಿಂಚು ಒಳಗೆ ಹೋಗುವಂತೆ ಅಡ್ಡ ತುಂಡಿನ ಅಡಿಯಲ್ಲಿ ದೊಡ್ಡ ತೂತು ಮಾಡಿಕೋ, ಆಗ ಮೇಲಿನ ತೊಲೆಯಲ್ಲಿ ಮೂರಿಂಚು ಕಚ್ಚುತ್ತದೆ. ಮತ್ತಿಗೆ ಮೊದಲು ಸಣ್ಣ ಬಿಟ್ಟಿನಲ್ಲಿ ತೂತು ಕೊರೆಯದೆ ಸ್ಕ್ರೂ ಹಾಕಿದರೆ ಸ್ಕ್ರೂವೇ ತುಂಡಾಗುತ್ತದೆ. ಸ್ಕ್ರೂವಿನ ಎಳೆಗೆ ಸ್ವಲ್ಪ ಸಾಬೂನು ಸವರಿಕೋ. ಸಾದಾ ಕಬ್ಬಿಣ ಬೇಡ, ತುಕ್ಕು ಹಿಡಿಯುತ್ತದೆ, ಮರವೂ ಅದರ ಸುತ್ತ ಕಪ್ಪಾಗುತ್ತದೆ.

ಎತ್ತರ ಮಾತ್ರ ಅಜ್ಜಿಯನ್ನು ಕೇಳು, ನನ್ನನ್ನಲ್ಲ. ಸಾಮಾನ್ಯವಾಗಿ 17, 18 ಇಂಚು. ತಗ್ಗಾದರೆ ಮಂಡಿನೋವು ಇರುವವರಿಗೆ ಏಳುವುದು ಕಷ್ಟ. ಮರದ್ದೇ 9 ಇಂಚು ಆಯಿತು. ಅಡ್ಡ ತುಂಡುಗಳು ಕೂರುವ ಕಲ್ಲು ನೆಲದ ಮೇಲೆ 9 ಇಂಚು ಕಂಡರೆ 18. ಕಲ್ಲಿಗೆ ಒಂದಡಿ ಗುಂಡಿ ತೋಡಿ, ಅರ್ಧ ಜಲ್ಲಿ ತುಂಬಿ, ಗುದ್ದಿ, ಅದರ ಮೇಲೆ ಕೂರಿಸು. ಹಿಂದಿನ ಕಡೆಗೆ ಕಾಲು ಇಂಚು ಇಳಿಜಾರು ಕೊಡು, ನೀರು ಜಾರಿ ಹೋಗಲಿ. ಕೂರುವ ತುಂಡುಗಳೇ ಸುಮಾರು 70 ಕೆಜಿ ಇರುತ್ತವೆ, ದನ ಬಂದು ಮೈ ಉಜ್ಜಿದರೂ ಸುಲಭಕ್ಕೆ ಜಾರುವುದಿಲ್ಲ. ಉಳಿದ ತುಂಡಿನಲ್ಲಿ ಒಂದು ಕಡೆ ಕೈ ಊರುವ ಹಿಡಿ ಮಾಡು. ಅಜ್ಜಿ ಯಾವ ಕೈ ಊರಿ ಏಳುತ್ತಾರೆ ನೋಡಿಕೊಂಡು ಆ ಕಡೆಗೇ ಇಡು.

ಎಣ್ಣೆ ವಿಷಯ. ಬೆಂಚಿಗೆ ಗೇರು ಎಣ್ಣೆ, ಅಂದರೆ ಗೇರು ಬೀಜದ ಸಿಪ್ಪೆಯ ಎಣ್ಣೆ, ಹಚ್ಚು ಅಂತ ಚಿಕ್ಕಮ್ಮ ಇಲ್ಲೇ ಹೇಳಿದ್ದಾರೆ. ಗೆದ್ದಲಿಗೆ ಅದು ಒಳ್ಳೆಯದೇ ಚಿಕ್ಕಮ್ಮ, ಆದರೆ ಚರ್ಮಕ್ಕೆ ತಾಗಿದರೆ ಸುಡುತ್ತದೆ. ಕೂರುವ ಕಡೆ ಬೇಡವೇ ಬೇಡ. ಅಡ್ಡ ತುಂಡುಗಳ ಅಡಿಗೆ ಮಾತ್ರ, ಕೈಗವಸು ಹಾಕಿಕೊಂಡು. ಮೇಲೆ ಅಗಸೆ ಎಣ್ಣೆ, ತೆಳುವಾಗಿ ಮೂರು ಸಲ, ಒಂದು ಒಣಗಿದ ಮೇಲೆ ಇನ್ನೊಂದು. ಕೊಯ್ದ ತುದಿಗಳಿಗೆ ಕುಡಿಯುವಷ್ಟು ಕುಡಿಸು, ನೀರು ಜಾಸ್ತಿ ಎಳೆದುಕೊಳ್ಳುವುದು ಅಲ್ಲಿಂದ. ಪುಟ್ಟಾ, ಇದನ್ನು ಸರಿಯಾಗಿ ಕೇಳಿಸಿಕೋ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಅದು ತಾನಾಗೇ ಬಿಸಿಯಾಗಿ ಬೆಂಕಿ ಹತ್ತಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸು.

ವಾರ್ನಿಷ್ ಬೇಡ. ಬಿಸಿಲಿಗೆ ಒಡೆಯುತ್ತದೆ, ಒಡೆದ ಕಡೆ ಒಳಗೆ ಹೋದ ನೀರು ಹೊರಗೆ ಬರುವುದಿಲ್ಲ.

ಬರುವ ಶನಿವಾರ ನಾನೇ ಬರುತ್ತೇನೆ, ಉಳಿ, ಮೂಲೆಮಟ್ಟ, ರಸಮಟ್ಟ ಎಲ್ಲಾ ತರುತ್ತೇನೆ. ಅಲ್ಲಿಯವರೆಗೆ ಆ ತೊಲೆಗಳನ್ನು ಮಣ್ಣಿನ ಮೇಲೆ ಬಿಡಬೇಡ, ಕೆಳಗೆ ನಾಲ್ಕು ಕಲ್ಲು ಕೊಟ್ಟು ಎತ್ತಿಡು. ಅಜ್ಜಿ ಅಡುಗೆಮನೆಯ ಯಾವ ಮಣೆ, ಯಾವ ಕುರ್ಚಿಯಿಂದ ಸುಲಭವಾಗಿ ಏಳುತ್ತಾರೆ ನೋಡಿ, ಅದರ ಎತ್ತರ ಅಳೆದು ಇವತ್ತು ರಾತ್ರಿಯೊಳಗೆ ಇಲ್ಲಿ ಹಾಕು.