ಕ್ರಿಯಾಟಿನಿನ್ ಹೆಚ್ಚಿರುವವರು ನೋವಿನ ಮಾತ್ರೆ ನುಂಗಿದರೆ ಏನಾಗುತ್ತದೆ?

ಪ್ರಶ್ನೆ (ಬಾಗೇಪಲ್ಲಿಯಿಂದ)

ನಮಸ್ಕಾರ. ನಮ್ಮ ತಂದೆಯವರಿಗೆ 61 ವರ್ಷ. ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಇದ್ದು, ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ರಕ್ತದ ಕಲ್ಮಶ) 2.1ರ ಆಸುಪಾಸಿನಲ್ಲಿಯೇ ನಿಂತಿತ್ತು. ಮಂಡಿ ನೋವು ಜಾಸ್ತಿಯಾಯಿತೆಂದು ಔಷಧಿ ಅಂಗಡಿಯಿಂದ ಡೈಕ್ಲೋಫೆನಾಕ್ ಮಾತ್ರೆ ತಂದು ಒಂದು ವಾರ ನುಂಗಿದರು. ಅದೇ ವಾರ ಭೇದಿಯೂ ಆಗಿತ್ತು. ಕಾಲು ಊದಿಕೊಂಡು ಮೂತ್ರ ಕಡಿಮೆಯಾದಾಗ ಪರೀಕ್ಷೆ ಮಾಡಿಸಿದೆವು, ಕ್ರಿಯಾಟಿನಿನ್ 2.9 ಬಂದಿದೆ. ಅದೇ ಮಾತ್ರೆಯನ್ನು ನಮ್ಮ ತಾಯಿಯವರು ಆಗಾಗ ನುಂಗುತ್ತಾರೆ, ಅವರಿಗೆ ಏನೂ ಆಗಿಲ್ಲ. ತಂದೆಯವರಿಗೆ ಮಾತ್ರ ಹೀಗೇಕಾಯಿತು? ಬಿ.ಪಿ.ಗೆ ಟೆಲ್ಮಿಸಾರ್ಟಾನ್, ಜೊತೆಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವಂಥದ್ದು), ಸಕ್ಕರೆಗೆ ಮೆಟ್‌ಫಾರ್ಮಿನ್ ನಡೆಯುತ್ತಿವೆ.

ಉತ್ತರ 1 (ಕೋಲಾರದ ವೈದ್ಯ)

ನಿಮ್ಮ ತಾಯಿಯವರ ಕಿಡ್ನಿಯಲ್ಲಿ ಇನ್ನೂ ಉಳಿತಾಯವಿದೆ, ತಂದೆಯವರದು ಆಗಲೇ ಖರ್ಚಾಗಿದೆ. ಅವರ ವಯಸ್ಸಿಗೆ 2.1 ಕ್ರಿಯಾಟಿನಿನ್ ಎಂದರೆ ಸೋಸುವ ಶಕ್ತಿ, ಅಂದರೆ ಇ-ಜಿಎಫ್ಆರ್, ಸುಮಾರು 35 ಮಾತ್ರ. ಅಳಿದುಳಿದ ನೆಫ್ರಾನ್‌ಗಳು, ಅಂದರೆ ಕಿಡ್ನಿಯೊಳಗಿನ ಸೋಸುವ ಪುಟ್ಟ ಘಟಕಗಳು, ಸತ್ತವುಗಳ ಕೆಲಸವನ್ನೂ ಹೊತ್ತುಕೊಂಡು ದುಡಿಯುತ್ತಿರುತ್ತವೆ. ಹಾಗೆ ದುಡಿಯಲು ಒಳಬರುವ ರಕ್ತನಾಳ ಅಗಲವಾಗಿ ತೆರೆದಿರಬೇಕು, ಅದನ್ನು ತೆರೆದಿಡುವುದು ಪ್ರೋಸ್ಟಗ್ಲ್ಯಾಂಡಿನ್ ಎಂಬ ವಸ್ತು. ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸಿಕ್ಲೋಫೆನಾಕ್ ಇವೆಲ್ಲ ನೋವು ಇಳಿಸುವುದೇ ಆ ವಸ್ತುವಿನ ತಯಾರಿಕೆಯನ್ನು ತಡೆದು. ಆದ್ದರಿಂದ ಒಳಬರುವ ನಾಳ ಕುಗ್ಗುತ್ತದೆ. ಟೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ನೀರಿನ ಮಾತ್ರೆ ಮತ್ತು ಭೇದಿ ದೇಹದ ನೀರನ್ನೇ ಕಡಿಮೆ ಮಾಡುತ್ತವೆ. ಎಲ್ಲವೂ ಒಂದೇ ವಾರದಲ್ಲಿ ಕೂಡಿಬಂದರೆ ಸೋಸಲು ಬೇಕಾದ ಒತ್ತಡವೇ ಉಳಿಯುವುದಿಲ್ಲ.

ಹಾಗೆಂದು ಟೆಲ್ಮಿಸಾರ್ಟಾನನ್ನು ದೂರಬೇಡಿ. ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನು ಅದು ದೀರ್ಘಕಾಲ ಕಾಪಾಡುತ್ತದೆ. ವಾಂತಿ ಭೇದಿಯ ದಿನಗಳಲ್ಲಿ ಅದನ್ನೂ ನೀರಿನ ಮಾತ್ರೆಯನ್ನೂ ತಾತ್ಕಾಲಿಕವಾಗಿ ನಿಲ್ಲಿಸಬೇಕೇ ಎಂದು ಚಿಕಿತ್ಸೆ ಕೊಡುವವರನ್ನು ಮೊದಲೇ ಕೇಳಿ, ಬರೆಸಿಟ್ಟುಕೊಳ್ಳಿ. ನೋವಿನ ಮಾತ್ರೆಯನ್ನು ಬೇಗ ಬಿಟ್ಟರೆ ಈ ಬಗೆಯ ಏಟು ಅನೇಕರಲ್ಲಿ ಕೆಲವು ದಿನ, ವಾರಗಳಲ್ಲಿ ಇಳಿಯುತ್ತದೆ, ಆದರೆ ಪೂರ್ತಿ ಹಿಂದಿನ ಮಟ್ಟಕ್ಕೆ ಬರುತ್ತದೆಂಬ ಭರವಸೆ ಇಲ್ಲ. ಪೊಟ್ಯಾಸಿಯಮ್ ಪರೀಕ್ಷೆಯನ್ನು ಬಿಡಬೇಡಿ, ಅದು ಏರಿದರೆ ಹೃದಯಕ್ಕೇ ಅಪಾಯ.

ಉತ್ತರ 2 (ಚಿಂತಾಮಣಿ, ಔಷಧಿ ಅಂಗಡಿ)

ವೈದ್ಯರ ಮಾತಿಗೆ ಅಂಗಡಿಯ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಮ್ಮ ಭಾಗದ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದಲೂ ಬರುವ ಕೀಲು, ಬೆನ್ನು ನೋವಿನವರು ದಿನವೂ ಬರುತ್ತಾರೆ, ಚೀಟಿ ಇಲ್ಲದೆ ‘ಆ ಹಳದಿ ಮಾತ್ರೆ ಕೊಡಿ’ ಎನ್ನುತ್ತಾರೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಕಿಡ್ನಿ ಪರೀಕ್ಷೆ ಮಾಡಿಸಿದ್ದೀರಾ? ಎಲ್ಲ ಅಂಗಡಿಗಳಲ್ಲೂ ಅದನ್ನು ಕೇಳುವ ಅಭ್ಯಾಸ ಬರಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ. (ದನಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಮ್ಮ ದೇಶದಲ್ಲಿ 2006ರಲ್ಲಿ ನಿಷೇಧಿಸಲಾಯಿತು, ಆ ದನಗಳ ಕಳೇಬರ ತಿಂದ ರಣಹದ್ದುಗಳು ಕಿಡ್ನಿ ಕೆಟ್ಟೇ ಸತ್ತಿದ್ದವು.)

ಸೋಂಕಿಗೆ ಕೊಡುವ ಜೆಂಟಾಮೈಸಿನ್, ಅಮಿಕಾಸಿನ್ ಚುಚ್ಚುಮದ್ದುಗಳೂ ಕಿಡ್ನಿಯ ನಳಿಕೆಗಳ ಜೀವಕೋಶಗಳಲ್ಲಿ ಶೇಖರವಾಗಿ ಅವನ್ನು ಕೊಲ್ಲಬಲ್ಲವು. ಅನಿವಾರ್ಯವಾದರೆ ಕ್ರಿಯಾಟಿನಿನ್ ನೋಡಿ ಪ್ರಮಾಣ ಇಳಿಸಿಯೋ ಅಂತರ ಹೆಚ್ಚಿಸಿಯೋ ಕೊಡುತ್ತಾರೆ. ಸಿ.ಟಿ. ಸ್ಕ್ಯಾನ್‌ಗೆ ಡೈ (ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ದ್ರವ) ಹಾಕುವ ಮುನ್ನವೂ ಕಿಡ್ನಿ ತೊಂದರೆ ಇರುವುದನ್ನು ತಿಳಿಸಿ.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನೋವಿಗೆ ನಾಟಿ ಔಷಧಿ ಕೊಡಿಸಬಹುದೇ? ಮೆಟ್‌ಫಾರ್ಮಿನ್ ಮುಂದುವರಿಸಬಹುದೇ?

ಉತ್ತರ 1 (ಕೋಲಾರದ ವೈದ್ಯ)

ಏನು ಬೆರೆಸಿದ್ದಾರೆಂದು ತಿಳಿಯದ ಪುಡಿ, ಭಸ್ಮ ಬೇಡವೇ ಬೇಡ. ಕೆಲವದರಲ್ಲಿ ಪಾದರಸ, ಸೀಸ ಇರುತ್ತವೆ. ಈಶ್ವರಿ ಬೇರಿನ ಜಾತಿಯ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಆರೋಗ್ಯವಂತರ ಕಿಡ್ನಿಯನ್ನೂ ಶಾಶ್ವತವಾಗಿ ಕೆಡಿಸುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ. ಪ್ರಮಾಣವನ್ನು ವೈದ್ಯರಿಂದಲೇ ತಿಳಿಯಿರಿ.

ಮೆಟ್‌ಫಾರ್ಮಿನ್ ಕಿಡ್ನಿಯನ್ನು ಕೆಡಿಸುವುದಿಲ್ಲ, ಆದರೆ ಹೊರಹೋಗುವುದು ಕಿಡ್ನಿಯ ಮೂಲಕವೇ. ಈಗಿನ 2.9ಕ್ಕೆ ಇ-ಜಿಎಫ್ಆರ್ 24ರ ಹತ್ತಿರ ಬರುತ್ತದೆ. 30ಕ್ಕಿಂತ ಕೆಳಗೆ ಅದನ್ನು ಕೊಡುವುದಿಲ್ಲ, ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಳ್ಳುವ ಭಯವಿದೆ. ಮುಂದಿನ ತಪಾಸಣೆಯವರೆಗೆ ಕಾಯದೆ ಇಂದೇ ರಿಪೋರ್ಟ್ ಮತ್ತು ಎಲ್ಲ ಮಾತ್ರೆಗಳ ಪಟ್ಟಿಗಳನ್ನು ಹಿಡಿದು ಅವರ ವೈದ್ಯರ ಬಳಿ ಹೋಗಿ, ಬದಲಿಗೆ ಯಾವ ಔಷಧಿ ಎಂದು ಬರೆಸಿಕೊಳ್ಳಿ.