ರಿಪೇರಿ ಎಸ್ಟಿಮೇಟ್‌ಗೆ ಸೈಟ್ ಫೋಟೋ ತೆಗೆಯೋದು ಹೇಗೆ? 140 ತೆಗೆದೂ ಕೆಲಸಕ್ಕೆ ಬರಲಿಲ್ಲ

ಮೂಡಿಗೆರೆ_ಮಳೆ:
ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪನ ಜೊತೆ ಮನೆ ರಿಪೇರಿ ಕಾಂಟ್ರಾಕ್ಟ್ ಕೆಲಸ ನೋಡಿಕೊಳ್ಳುತ್ತೇನೆ. ಸೈಟಿಗೆ ಹೋಗಿ ಫೋಟೋ ತೆಗೆದು ಬರೋದು ನಾನು, ಮನೆಯಲ್ಲಿ ಕೂತು ಎಸ್ಟಿಮೇಟ್ ಬರೆಯೋದು ಅವರು. ಅವರಿಗೆ ಮಂಡಿನೋವು, ಎಲ್ಲಾ ಕಡೆ ಬರೋಕೆ ಆಗಲ್ಲ.

ಹೋದ ವಾರ ಕೊಟ್ಟಿಗೆಹಾರದ ಹತ್ತಿರ ಒಂದು ಹಳೇ ಹಂಚಿನ ಮನೆ. ಸಿಲ್ವರ್ ಮರದ ದೊಡ್ಡ ಕೊಂಬೆ ಮುರಿದು ಬಿದ್ದು ಮಾಡಿನ ಒಂದು ಮೂಲೆ ಕುಸಿದಿದೆ, ಎರಡು ರಾತ್ರಿ ಮಳೆ ನೀರು ಒಳಗೇ ಸುರಿದಿದೆ. ನಾನು ಶ್ರದ್ಧೆಯಿಂದ 140 ಫೋಟೋ ತೆಗೆದೆ. ಚಿಕ್ಕಪ್ಪ ಹತ್ತು ನೋಡಿ ಫೋನ್ ವಾಪಸ್ ಕೊಟ್ಟು ಕೇಳಿದ್ದು ಒಂದೇ ಮಾತು, "ಈ ಬಿರುಕು ಯಾವ ರೂಮಿಂದು ಮಾರಾಯ?" ನನಗೂ ಗೊತ್ತಾಗಲಿಲ್ಲ. ಎಲ್ಲಾ ಗೋಡೆಗೂ ಅದೇ ಸುಣ್ಣ, ಎಲ್ಲಾ ಬಿರುಕೂ ಒಂದೇ ತರ.

ಮೂರು ದಿನ ಬಿಟ್ಟು ಮತ್ತೆ ಹೋದರೆ ಮನೆಯವರು ಮುರಿದ ಪಕಾಸು (ಮಾಡಿನ ಇಳಿಜಾರು ಮರ), ರೀಪು (ಅದರ ಮೇಲೆ ಹಂಚು ಕೂರೋ ಅಡ್ಡಪಟ್ಟಿ) ಎಲ್ಲಾ ಕಿತ್ತು ಬಚ್ಚಲ ಒಲೆ ಹತ್ತಿರ ಪೇರಿಸಿದ್ದಾರೆ, ಅರ್ಧ ಆಗಲೇ ಉರಿದೂ ಹೋಗಿದೆ. ಎಷ್ಟು ಪಕಾಸು ಮುರಿದಿತ್ತು ಅಂತ ಈಗ ಹೇಗೆ ಹೇಳೋದು? ಮನೆಗೆ ಇನ್ಶೂರೆನ್ಸ್ ಇದೆ, ಹಾನಿ ನೋಡೋಕೆ ಅದರ ಸರ್ವೇಯರ್ ಬರೋದು ಬಾಕಿ. ಫೋಟೋ ಯಾವ ಕ್ರಮದಲ್ಲಿ ತೆಗೆಯುತ್ತೀರಿ, ಆ್ಯಪ್ ಏನಾದರೂ ಬಳಸುತ್ತೀರಾ, ಸ್ವಲ್ಪ ಹೇಳಿ.

ಸಕಲೇಶಪುರ_ಗಾರೆ:
ತಮ್ಮಾ, ಮೊದಲು ನಿನ್ನ ಪಕಾಸಿನ ವಿಚಾರ. ಕುಸಿದ ಕಡೆ ಹೋದರೆ ಹೋಯ್ತು, ಮಾಡಿನ ಆಚೆ ಇಳಿಜಾರು ಗಟ್ಟಿಯಾಗಿದೆ ಅಲ್ವಾ? ಎರಡು ಕಡೆಗೂ ಪಕಾಸು ಸಾಮಾನ್ಯವಾಗಿ ಜೋಡಿ ಜೋಡಿ ಇರುತ್ತೆ. ಕುಸಿದ ಜಾಗದ ಎದುರಿಗೆ ಎಷ್ಟಿದೆ ಎಣಿಸು, ಪಕಾಸಿನಿಂದ ಪಕಾಸಿಗೆ ಎಷ್ಟು ಅಂತರ ಅಂತ ಟೇಪ್ ಹಿಡಿದು ಫೋಟೋ ತೆಗಿ. ಇತ್ತ ಗೋಡೆ ಮೇಲೆ ಪಕಾಸು ಕೂತಿದ್ದ ಕಡೆ ಮೊಳೆ, ಗುರುತು ಇದ್ದೇ ಇರುತ್ತೆ, ಅದನ್ನೂ ತೆಗಿ. ಒಲೆ ಹತ್ತಿರ ಉಳಿದಿರೋ ಮರ ಇನ್ನು ಸುಡಬೇಡಿ ಅಂತ ಇವತ್ತೇ ಫೋನ್ ಮಾಡಿ ಹೇಳು, ಅದರ ದಪ್ಪ ಅಗಲ ಬೇಕಾಗುತ್ತೆ.

ಇನ್ನು ಕ್ರಮ. ನೀನು ಮಾಡಿದ ತಪ್ಪು ಎಲ್ಲರೂ ಮಾಡೋದೇ, ಒಡೆದದ್ದು ಕಣ್ಣಿಗೆ ಬಿದ್ದ ತಕ್ಷಣ ಹತ್ತಿರ ಹೋಗಿ ಅದನ್ನೇ ತೆಗೆಯೋದು. ಹತ್ತಿರದ ಫೋಟೋದಲ್ಲಿ ಏನು ಒಡೆದಿದೆ ಅಂತ ಗೊತ್ತಾಗುತ್ತೆ, ಎಲ್ಲಿ, ಎಷ್ಟು ಅನ್ನೋದು ಗೊತ್ತಾಗಲ್ಲ. ಎಸ್ಟಿಮೇಟ್‌ಗೆ ಬೇಕಾಗಿರೋದು ಅವೇ ಎರಡು. ನಾನು ಒಂದು ಹಳೇ ಸ್ಲೇಟು ಇಟ್ಟುಕೊಂಡಿದ್ದೇನೆ, ಮಗಳದು. ರೂಮಿನ ಬಾಗಿಲಲ್ಲಿ ನಿಂತು "ಅಡುಗೆಮನೆ" ಅಂತ ಬರೆದು ಒಂದು ಫೋಟೋ, ಅದೇ ಆ ರೂಮಿನ ಹೆಡ್ಡಿಂಗ್. ಆಮೇಲೆ ಎಡಗೈ ಕಡೆ ಗೋಡೆಯಿಂದ ಶುರು ಮಾಡಿ ದೇವಸ್ಥಾನದ ಪ್ರದಕ್ಷಿಣೆ ತರ ಒಂದು ಸುತ್ತು, ನಾಲ್ಕು ಗೋಡೆನೂ ಪೂರ್ತಿ ಕಾಣೋ ಹಾಗೆ. ಕೊನೆಗೆ ಮೇಲೆ, ಕೆಳಗೆ. ಏನೂ ಆಗಿರದ ಗೋಡೆನೂ ಬಿಡಬೇಡ. ಇಷ್ಟಾದ ಮೇಲೆ ಬಿರುಕಿನ ಹತ್ತಿರ ಹೋಗು, ಒಂದು ನಡು ದೂರದಿಂದ, ಕಿಟಕಿನೋ ಬಾಗಿಲೋ ಜೊತೆಗೆ ಕಾಣಬೇಕು, ಇನ್ನೊಂದು ಟೇಪ್ ಹಿಡಿದು ಹತ್ತಿರದಿಂದ.

ಹಂಚಿನ ಮನೆ ಅಂದರೆ ಇನ್ನೊಂದು ಮಾತು. ಒಂದು ಇಡೀ ಹಂಚು ತೆಗೆದು ತಿರುಗಿಸಿ, ಕೆಳಗಿರೋ ಫ್ಯಾಕ್ಟರಿ ಅಚ್ಚಿನ ಫೋಟೋ ತೆಗಿ. ಮಂಗಳೂರಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚು ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆ ಬಂದವು, ಒಬ್ಬರ ಹಂಚು ಇನ್ನೊಬ್ಬರದಕ್ಕೆ ಸರಿಯಾಗಿ ಕೂರಲ್ಲ. ಆ ಅಚ್ಚಿನದ್ದು ಸಿಕ್ಕಿದರೆ ಒಡೆದಷ್ಟೇ ಬದಲಿಸಬಹುದು, ಸಿಗದಿದ್ದರೆ ಆ ಇಳಿಜಾರು ಪೂರ್ತಿ ಬಿಚ್ಚಬೇಕು. ಎಸ್ಟಿಮೇಟಿನಲ್ಲಿ ಅಜಗಜಾಂತರ ಆಗುತ್ತೆ. ನೂರು ಚದರಡಿಗೆ ಸುಮಾರು 140ರಿಂದ 150 ಹಂಚು ಹಿಡಿ. ಮತ್ತೆ ಫೋಟೋಗೋಸ್ಕರ ಪಾಚಿ ಕಟ್ಟಿದ ಮಾಡು ಹತ್ತಬೇಡ ಮಾರಾಯ, ಫೋನನ್ನ ದೋಟಿಗೆ ಕಟ್ಟಿ ವಿಡಿಯೋ ಆನ್ ಮಾಡಿ ಎತ್ತು, ಸಾಕು.

ಹಾಸನ_ಸಿವಿಲ್:
ಗಾರೆ ಅಣ್ಣ ಹೇಳಿದ್ದು ಸರಿ. ನಾನು ಫೋನಿನ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ.

ಫೋಟೋನ ವಾಟ್ಸಾಪ್‌ನಲ್ಲಿ ಹಾಗೇ ಕಳಿಸಬೇಡಿ. ಅದು ಫೋಟೋನ ಕುಗ್ಗಿಸುತ್ತೆ, ತೆಗೆದ ಸಮಯ, ಜಾಗದ ಮಾಹಿತಿನೂ ಕಿತ್ತು ಹಾಕುತ್ತೆ. ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿದರೆ ಮೂಲ ಫೈಲ್ ಇದ್ದ ಹಾಗೇ ಹೋಗುತ್ತೆ. ನೆಟ್‌ವರ್ಕ್ ಇಲ್ಲದ ಊರಾದರೆ ಮನೆಗೆ ಬಂದು ಕಳಿಸಿ, ಅವಸರ ಏನಿಲ್ಲ. ತಾರೀಖು, ಜಿಪಿಎಸ್ ಛಾಪಿಸೋ ಆ್ಯಪ್ ಬಗ್ಗೆ ಕೇಳಿದಿರಿ. ನನಗೆ ಅವು ಅಷ್ಟಾಗಿ ಇಷ್ಟ ಇಲ್ಲ, ಫೋಟೋದ ಕೆಳಭಾಗ ಪೂರ್ತಿ ಆ ಪಟ್ಟಿಯೇ ತುಂಬಿಕೊಂಡು ಗೋಡೆ ಬುಡದ ತೇವ ಮುಚ್ಚಿಹೋಗುತ್ತೆ. ಮನೆ ಮುಂದೆ ನಿಂತು ಅದರಲ್ಲಿ ಒಂದೆರಡು ತೆಗೆದುಕೊಳ್ಳಿ, ಮಿಕ್ಕಿದ್ದು ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ, ಲೊಕೇಶನ್ ಆನ್ ಇಟ್ಟು.

ಒದ್ದೆ ಗೋಡೆಗೆ ಫ್ಲ್ಯಾಶ್ ಹಾಕಿದರೆ ಬಿಳಿ ಮಚ್ಚೆ ಬಿಟ್ಟು ಬೇರೆ ಏನೂ ಬರಲ್ಲ. ಫ್ಲ್ಯಾಶ್ ಆಫ್ ಮಾಡಿ, ಇನ್ನೊಬ್ಬರ ಕೈಲಿ ಟಾರ್ಚ್ ಕೊಟ್ಟು ಗೋಡೆಗೆ ಒತ್ತಿಕೊಂಡ ಹಾಗೆ ಪಕ್ಕದಿಂದ ಬೆಳಕು ಬಿಡಿಸಿ. ಪ್ಲಾಸ್ಟರ್ ಉಬ್ಬಿದ್ದು, ಕೂದಲೆಳೆ ಬಿರುಕು ಎಲ್ಲಾ ನೆರಳು ಬಿದ್ದು ಎದ್ದು ಕಾಣುತ್ತೆ. ಟೇಪ್ ಮರೆತು ಹೋಗಿದ್ದೀರಾ? 10 ರೂಪಾಯಿ ನಾಣ್ಯ ಪಕ್ಕದಲ್ಲಿ ಹಿಡಿಯಿರಿ, ಅದರ ಅಗಲ 27 ಮಿಲಿಮೀಟರ್. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆದು ಬನ್ನಿ. ಮುಂದಿನ ಸಲ ಹೋದಾಗ ಗೆರೆ ದಾಟಿದೆ ಅಂದರೆ ಅದು ಇನ್ನೂ ಓಡುತ್ತಿರೋ ಬಿರುಕು, ಬರೀ ಪ್ಲಾಸ್ಟರ್ ರೇಟ್ ಹಾಕಿ ಕೈತೊಳೆದುಕೊಳ್ಳೋಕಾಗಲ್ಲ.

ಮನೆಯಲ್ಲಿ ಕೂತು ಅಳತೆ ತೆಗೆಯೋರಿಗೆ ಒಂದು ಉಪಾಯ. ನೆಲಕ್ಕೆ ಎರಡಡಿಗೆ ಎರಡಡಿ ಟೈಲ್ಸ್ ಹಾಕಿದ್ದರೆ ಫೋಟೋದಲ್ಲೇ ಎಣಿಸಿ ರೂಮಿನ ಉದ್ದ ಅಗಲ ಹೇಳಬಹುದು. ಪ್ಲಾಸ್ಟರ್ ಆಗದ ಕಾಂಕ್ರೀಟ್ ಬ್ಲಾಕ್ ಗೋಡೆ ಆದರೆ ಸಾಲು ಎಣಿಸಿ, ಒಂದು ಸಾಲು ಎಂಟು ಇಂಚು ಹತ್ತಿರ. ರೆಡ್ ಆಕ್ಸೈಡ್ ನೆಲಕ್ಕೆ ಈ ಆಟ ನಡೆಯಲ್ಲ, ಟೇಪೇ ಗತಿ.

ತೋಟದಮನೆ_ಆಲ್ದೂರು:
ನಾನು ಕಾಂಟ್ರಾಕ್ಟರ್ ಅಲ್ಲ, ರಿಪೇರಿ ಮಾಡಿಸಿಕೊಂಡು ಸುಸ್ತಾದವಳು. ಹೋದ ವರ್ಷ ನಮ್ಮ ಹಾಲ್ ಗೋಡೆ ಮಳೆಗೆ ನೆನೆದು ಪ್ಲಾಸ್ಟರ್ ಕಳಚಿ ಬಿತ್ತು. ಇನ್ಶೂರೆನ್ಸ್ ಕಡೆಯಿಂದ ನೋಡೋಕೆ ಬಂದವರು "ಇದು ಹಳೇ ಥಂಡಿ, ಈ ಸಲದ್ದಲ್ಲ" ಅಂದುಬಿಟ್ಟರು. ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ನನ್ನ ಸೊಸೆ ಸೀಮಂತದ ಫೋಟೋ ಹುಡುಕಿ ತೆಗೆದಳು. ಏಪ್ರಿಲ್‌ನಲ್ಲಿ ಆಗಿದ್ದು. ಅವಳನ್ನ ಕೂರಿಸಿದ್ದು ಅದೇ ಗೋಡೆ ಮುಂದೆ, ಹಿಂದೆ ಗೋಡೆ ಹಾಲಿನ ಹಾಗೆ ಬೆಳ್ಳಗಿದೆ! ಆಮೇಲೆ ಅವರ ಮಾತು ಬದಲಾಯಿತು.

ಈಗ ಪ್ರತಿ ಮೇ ತಿಂಗಳಲ್ಲಿ, ಮುಂಗಾರು ಹಿಡಿಯೋಕೆ ಮೊದಲು, ಮನೆ ಒಳಗೆ ಹೊರಗೆ ಒಂದು ಸುತ್ತು ವಿಡಿಯೋ ಮಾಡಿ ಇಡುತ್ತೇನೆ. ನೀವು ಕಾಂಟ್ರಾಕ್ಟರ್‌ಗಳು ಹಳೇ ಗಿರಾಕಿಗಳಿಗೆ ಇದನ್ನ ಹೇಳಿಕೊಡಿ.

ಇನ್ನೊಂದು ವಿಷಯ, ಬೇಜಾರು ಮಾಡ್ಕೋಬೇಡಿ. ನಮ್ಮ ಮನೆ ಕೆಲಸಕ್ಕೆ ಬಂದ ಹುಡುಗ ಆ ಫೋಟೋಗಳನ್ನ ತನ್ನ ಸ್ಟೇಟಸ್‌ಗೆ ಹಾಕಿಕೊಂಡಿದ್ದ. ದೇವರ ಕೋಣೆ, ಬೀರು, ಎಲ್ಲಾ ಊರಿಗೇ ಪ್ರದರ್ಶನ. ಕೇಳಿ ತೆಗೆಯಿರಿ, ತೆಗೆದದ್ದನ್ನ ನಿಮ್ಮಲ್ಲೇ ಇಟ್ಟುಕೊಳ್ಳಿ.

ಸರ್ವೇ_ನಿವೃತ್ತ:
ಚಿಕ್ಕಮಗಳೂರಿನಿಂದ. ಸರ್ವೇಯರ್ ಆಗಿ ಕೆಲಸ ಮಾಡಿದವನು. ಆಲ್ದೂರು ಮೇಡಂ ಅನುಭವಕ್ಕೆ ನನ್ನ ಸಹೋದ್ಯೋಗಿಗಳ ಪರವಾಗಿ ವಾದ ಮಾಡಲ್ಲ. ಆದರೆ ಆ ಪ್ರಶ್ನೆ ಯಾಕೆ ಬರುತ್ತೆ ಅಂದರೆ ಪಾಲಿಸಿ ಕೊಡೋದು ಆಕಸ್ಮಿಕ ಹಾನಿಗೆ, ಸವಕಲಿಗೆ ಅಲ್ಲ. 1 ಏಪ್ರಿಲ್ 2021ರಿಂದ ಬಂದಿರೋ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿ, ನೆರೆ, ಭೂಕುಸಿತ ಎಲ್ಲಾ ಇದೆ, ಆದರೆ ವರ್ಷಗಟ್ಟಲೆ ಹಿಡಿದ ಥಂಡಿ ಅದರಲ್ಲಿ ಬರಲ್ಲ.

ಹಾಗಾಗಿ ಕಾರಣದ ಫೋಟೋ ಬೇಕು. ಇದನ್ನ ಯಾರೂ ತೆಗೆಯಲ್ಲ. ಮೂಡಿಗೆರೆಯವರೇ, ಆ ಸಿಲ್ವರ್ ಕೊಂಬೆ ಮಾಡಿನ ಮೇಲೆ ಇದ್ದಾಗಿನ ಒಂದು ಫೋಟೋ ಮನೆಯವರ ಹತ್ತಿರ, ಅಕ್ಕಪಕ್ಕದವರ ಹತ್ತಿರ ಇದೆಯಾ ಕೇಳಿ. ಕೊಂಬೆ, ಒಡೆದ ಹಂಚು, ಒಳಗಿನ ನೀರು, ಈ ಮೂರು ಒಂದಕ್ಕೊಂದು ಹೊಂದಿದರೆ ಅರ್ಧ ಕೆಲಸ ಮುಗಿದ ಹಾಗೆ. ಮರದಲ್ಲಿ ಕೊಂಬೆ ಮುರಿದ ಜಾಗ ಇನ್ನೂ ಹಸಿ ಇರುತ್ತೆ, ಅದನ್ನೂ ತೆಗೆಯಿರಿ. ಫೋಟೋಗೆ ಅಂತ ಟಾರ್ಪಾಲ್ ಹಾಕೋದನ್ನ ತಡ ಮಾಡಬೇಡಿ. ಐದು ನಿಮಿಷ ಫೋಟೋ, ತಕ್ಷಣ ಟಾರ್ಪಾಲ್. ಹಾನಿ ಹೆಚ್ಚಾಗಲು ಬಿಟ್ಟಿರಿ ಅಂತ ನಾಳೆ ಕೇಳುತ್ತಾರೆ.

ಎಸ್ಟಿಮೇಟ್ ಕೊಟ್ಟ ಮೇಲೆ ಕ್ಯಾಮೆರಾ ಜೇಬಿಗೆ ಹಾಕೋದೂ ತಪ್ಪು. ಪ್ಲಾಸ್ಟರ್ ಕಿತ್ತಾಗ ಒಳಗೆ ಲಿಂಟಲ್ (ಬಾಗಿಲು, ಕಿಟಕಿ ಮೇಲಿನ ತೊಲೆ) ಕಂಬಿ ತುಕ್ಕು ಹಿಡಿದು ಸೀಳಿರೋದು ಕಂಡರೆ ಕೆಲಸ ನಿಲ್ಲಿಸಿ, ಫೋಟೋ ತೆಗೆದು, ಮನೆಯವರಿಗೂ ನಮಗೂ ತಿಳಿಸಿ. ಮುಚ್ಚಿದ ಮೇಲೆ ಜಾಸ್ತಿ ಬಿಲ್ ತಂದರೆ ಯಾರು ನಂಬುತ್ತಾರೆ? ಮತ್ತೆ ದಯವಿಟ್ಟು 140 ಕಳಿಸಬೇಡಿ. ತೆಗೆದುಕೊಳ್ಳಿ, ಆರಿಸಿ ಕಳಿಸಿ.

ಸಕಲೇಶಪುರ_ಗಾರೆ:
ಸಾರ್, ಆರಿಸಿ ಕಳಿಸಿದರೆ "ಇದರ ಪಕ್ಕದ್ದು ಎಲ್ಲಿ" ಅಂತ ಕೇಳೋರೂ ನೀವೇ 😄 ನಾನಂತೂ ಒಂದನ್ನೂ ಡಿಲೀಟ್ ಮಾಡಲ್ಲ.

ಸರ್ವೇ_ನಿವೃತ್ತ:
ಡಿಲೀಟ್ ಮಾಡಿ ಅಂದಿಲ್ಲ ಸ್ವಾಮಿ. ಮೂಲ ನಿಮ್ಮ ಹತ್ತಿರ ಇರಲಿ, ರೂಮಿಗೆ ಒಂದು ಫೋಲ್ಡರ್ ಮಾಡಿ.

ಮೂಡಿಗೆರೆ_ಮಳೆ:
ಎಲ್ಲರಿಗೂ ಥ್ಯಾಂಕ್ಸ್. ಕೊಂಬೆ ಮಾಡಿನ ಮೇಲೆ ಇದ್ದ ಫೋಟೋ ಪಕ್ಕದ ಲೈನ್ ಮನೆ ಹುಡುಗನ ಫೋನಲ್ಲಿ ಸಿಕ್ಕಿತು, ರೀಲ್ಸ್ ಮಾಡೋಕೆ ಅಂತ ತೆಗೆದಿದ್ದನಂತೆ! ಎದುರು ಇಳಿಜಾರಿನ ಲೆಕ್ಕ ಹಿಡಿದರೆ ಹೋದದ್ದು ಒಂಬತ್ತು ಪಕಾಸು. ಒಲೆ ಹತ್ತಿರ ನಾಲ್ಕು ಉಳಿದಿತ್ತು.

ನಿನ್ನೆ ಬಾಳೂರು ಕಡೆ ಇನ್ನೊಂದು ಮನೆಗೆ ಸ್ಲೇಟು ಹಿಡಿದುಕೊಂಡೇ ಹೋದೆ. ಮನೆಯವರ ಅಜ್ಜಿ "ಏನಪ್ಪಾ, ಈ ವಯಸ್ಸಲ್ಲಿ ಅಕ್ಷರಾಭ್ಯಾಸವಾ" ಅಂದರು. 52 ಫೋಟೋ. ಚಿಕ್ಕಪ್ಪ ಮಧ್ಯೆ ಒಂದೇ ಸಲ ಫೋನ್ ಮಾಡಿದರು, ಅಡುಗೆಮನೆ ಹೊರಗೋಡೆ ತೆಗೆದಿರಲಿಲ್ಲ. ನಾಲ್ಕು ಗೋಡೆ ಸುತ್ತಿದ್ದು ಒಳಗೆ ಮಾತ್ರ, ಹೊರಗೆ ಸುತ್ತೋದು ಮರೆತೆ.

ಒಂದು ಸಣ್ಣ ಪ್ರಶ್ನೆ ಉಳಿದಿದೆ. ಈ ಮಂಜಿಗೆ ಲೆನ್ಸ್ ಮೇಲೆ ಹಬೆ ಕೂತು ಅರ್ಧ ಫೋಟೋ ಮಸುಕು ಬರುತ್ತೆ. ಒರೆಸಿ ಒರೆಸಿ ಸಾಕಾಯ್ತು, ಏನು ಮಾಡ್ತೀರಿ?

ಸಕಲೇಶಪುರ_ಗಾರೆ:
ಫೋನ್ ಅಂಗಿ ಒಳಜೇಬಲ್ಲಿ ಬೆಚ್ಚಗೆ ಇಟ್ಟುಕೋ. ಹಳೇ ಪಂಚೆ ತುಂಡು ಒಂದು ಜೊತೆಗಿರಲಿ. ಪ್ರತಿ ರೂಮು ಮುಗಿದ ಮೇಲೆ ಫೋಟೋ ದೊಡ್ಡದು ಮಾಡಿ ನೋಡಿಯೇ ಮುಂದಕ್ಕೆ ಹೋಗು.